ಎರಡು ಕಿಲೋ ಚಿಪ್ಸಿಗೆ ಐದೂವರೆ ಕಿಲೋ ಬಾಡಿಗೆ

ಶಿರಸಿಯಿಂದ ಊರೂರಿಗೆ ಹಲಸಿನ ಚಿಪ್ಸು, ಹಪ್ಪಳ, ಅರಳು ಸಂಡಿಗೆ ಕಳಿಸುವ ನಮ್ಮ ಮನೆಯ ಸಣ್ಣ ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿಯುತ್ತದೋ ಇಲ್ಲವೋ ಎನ್ನುವುದು ರಟ್ಟಿನ ಡಬ್ಬ ಆರಿಸುವಾಗಲೇ ತೀರ್ಮಾನವಾಗಿಬಿಡುತ್ತದೆ. ಹಪ್ಪಳಕ್ಕೆ ತೂಕದ ದುಡ್ಡು, ಚಿಪ್ಸಿಗೆ ಜಾಗದ ದುಡ್ಡು. ಕೊರಿಯರ್‌ನವರು ಎರಡನ್ನೂ ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದಕ್ಕೆ ಬಿಲ್ ಹರಿಯುತ್ತಾರೆ.

ಜಾಗದ ಲೆಕ್ಕ ಸುಲಭ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 5000ದಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. 36, 30, 25 ಅಳತೆಯ ಡಬ್ಬಕ್ಕೆ 5.4 ಕಿಲೋ. ಅರ್ಧರ್ಧ ಕಿಲೋದ ಮೆಟ್ಟಿಲಾದ್ದರಿಂದ ಅದು 5.5 ಆಗುತ್ತದೆ. ಒಳಗಿರುವುದು ಎರಡು ಕಿಲೋ ಚಿಪ್ಸು. "ಅಕ್ಕಾ, ತಕ್ಕಡಿಯಲ್ಲಿ ಎರಡೇ, ಬಿಲ್ಲು ಐದೂವರೆಗೆ" ಎಂದು ಕೌಂಟರಿನ ಹುಡುಗ ಹೇಳಿದಾಗ ಹಗಲುದರೋಡೆ ಅನ್ನಿಸಿತ್ತು. ಆದರೆ ಹತ್ತಿ ಹೇರಿದ ಲಾರಿ ಭಾರವಾಗುವ ಮೊದಲೇ ತುಂಬಿಹೋಗುತ್ತದೆ, ಡೀಸೆಲ್ಲಿಗೂ ಡ್ರೈವರಿಗೂ ಕೊಡುವುದು ಕೊಡಲೇಬೇಕು. ಅವರ ಕಷ್ಟ ಅವರದು ಎಂದು ಈಗ ಒಪ್ಪುತ್ತೇನೆ, ಪೂರ್ತಿ ಮನಸ್ಸಿನಿಂದಲ್ಲ.

ಎಲ್ಲರೂ 5000ದಿಂದಲೇ ಭಾಗಿಸುವುದಿಲ್ಲ. ವಿಮಾನದ ದೊಡ್ಡ ಸರಕಿಗೆ 6000 ರೂಢಿಯಲ್ಲಿದೆ. ಕೆಲವರದು 4000, ಅಲ್ಲಿ ಅದೇ ಡಬ್ಬ 6.75ಕ್ಕೆ ಹೋಗಿ, 7 ಕಿಲೋ ಆಗುತ್ತದೆ. ಕಿಲೋ ದರ ಕಡಿಮೆ ಎಂದು ಹಿಗ್ಗುವ ಮೊದಲು ಎಷ್ಟರಿಂದ ಭಾಗಿಸುತ್ತೀರಿ ಎಂದು ಕೇಳಬೇಕು. ಅಮೆರಿಕದಲ್ಲೂ ಹಿಂದೆ ರಸ್ತೆಯಲ್ಲಿ ಹೋಗುವ ಸಣ್ಣ ಪಾರ್ಸೆಲ್ಲಿಗೆ ತೂಕವಷ್ಟೇ ಸಾಕಿತ್ತು. 2015ರ ಹೊಸವರ್ಷದ ಹೊತ್ತಿಗೆ ಫೆಡೆಕ್ಸ್, ಯುಪಿಎಸ್ ಎರಡೂ ಅದಕ್ಕೂ ಜಾಗದ ಲೆಕ್ಕ ತಂದವು.

ನಮ್ಮ ಅತ್ತಿಗೆ ಒಂದು ಅಡುಗೆಮನೆಯ ಪರೀಕ್ಷೆ ಹುಡುಕಿದರು. 5000 ಘನ ಸೆಂಟಿಮೀಟರಿಗೆ ಒಂದು ಕಿಲೋ ಅಂದರೆ ಲೀಟರಿಗೆ 200 ಗ್ರಾಂ ತಾನೆ? ಲೀಟರು ಹಿಡಿಯುವ ಪಾತ್ರೆಗೆ ಪದಾರ್ಥ ತುಂಬಿ ತೂಗಿ. 200 ಗ್ರಾಂ ದಾಟದಿದ್ದರೆ ನೀವು ಜಾಗಕ್ಕೇ ದುಡ್ಡು ಕೊಡುವವರು. ಅರಳು ಸಂಡಿಗೆ, ಕರಿಯದಿದ್ದರೂ, ಇಲ್ಲಿ ಸೋಲುತ್ತದೆ. ಬೆಲ್ಲ, ಕಾಳುಮೆಣಸು ಸಲೀಸಾಗಿ ಗೆಲ್ಲುತ್ತವೆ.

ಅಲ್ಲಿಂದಲೇ ಬೆರಕೆಯ ಉಪಾಯ ಹೊಳೆದದ್ದು. ಮೊದಲು ಡಬ್ಬದ ಎತ್ತರವನ್ನು 25ರಿಂದ 20ಕ್ಕೆ ಇಳಿಸಿದೆವು. ಲೆಕ್ಕ 4.32ಕ್ಕೆ ಇಳಿದು, ಬಿಲ್ಲು ನಾಲ್ಕೂವರೆ ಕಿಲೋಗೆ ಬಂತು. ಐದು ಸೆಂಟಿಮೀಟರಿಗೆ ಒಂದು ಕಿಲೋ ಉಳಿತಾಯ! ಆಮೇಲೆ ತಳದಲ್ಲಿ ಒಂದು ಕಿಲೋ ಅಚ್ಚು ಬೆಲ್ಲ, ಅದರ ಮೇಲೆ ಒಂದು ಕಿಲೋ ಹಪ್ಪಳ, ಬದಿಯಲ್ಲಿ ಅರ್ಧ ಕಿಲೋ ಕಾಳುಮೆಣಸು, ಎಲ್ಲಕ್ಕಿಂತ ಮೇಲೆ ಒಂದೂವರೆ ಕಿಲೋ ಚಿಪ್ಸು. ರಟ್ಟು ಸೇರಿದರೂ ತೂಕ ನಾಲ್ಕೂವರೆ ದಾಟುವುದಿಲ್ಲ. ಬರೀ ಚಿಪ್ಸಿಗೆ ಕೊಡುತ್ತಿದ್ದ ಬಾಡಿಗೆಯಲ್ಲೇ ಬೆಲ್ಲ, ಹಪ್ಪಳ, ಮೆಣಸು ಪ್ರಯಾಣ ಮಾಡುತ್ತವೆ. ವಿದೇಶಕ್ಕೆ ಕಳಿಸುವಾಗ ಇದರ ಬೆಲೆ ಗೊತ್ತಾಗುತ್ತದೆ, ಅಲ್ಲಿ ಅರ್ಧ ಕಿಲೋ ಏರಿದರೂ ಕೈ ಸುಡುತ್ತದೆ.

ಚಿಪ್ಸಿನ ಪೊಟ್ಟಣಕ್ಕೆ ಗಾಳಿ ತುಂಬಿಸುವುದನ್ನೂ ಕಡಿಮೆ ಮಾಡಿದೆವು. ಪೂರ್ತಿ ಬಿಟ್ಟರೆ ತಲುಪುವುದು ಪುಡಿ.

ಡಬ್ಬ ಉಬ್ಬುವುದು ಇನ್ನೊಂದು ಗ್ರಹಚಾರ. ಅಂಗಡಿಯವನು ಹೇಳುವ ಅಳತೆ ಹೆಚ್ಚಾಗಿ ಒಳಗಿನದು, ಕೊರಿಯರ್‌ನವರು ಅಳೆಯುವುದು ಹೊರಗಿನದು, ಅದೂ ಹೆಚ್ಚು ಉಬ್ಬಿದ ಕಡೆ. ಒತ್ತಿ ತುಂಬಿ 20 ಇದ್ದದ್ದು 22 ಆದರೆ 4.75, ಅಂದರೆ ಐದು ಕಿಲೋದ ಬಿಲ್ಲು. ನಮ್ಮಲ್ಲಿ ಪಾರ್ಸೆಲ್ ಒಯ್ಯುವ ಹುಡುಗ ಬರೆದುಕೊಂಡ ತೂಕವೇ ಕೊನೆಯದಲ್ಲ. ದೊಡ್ಡ ಊರಿನ ಗೋದಾಮಿನಲ್ಲಿ ಯಂತ್ರ ಮತ್ತೆ ಅಳೆಯುತ್ತದೆ, ವ್ಯತ್ಯಾಸದ ಹಣ ತಿಂಗಳ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಅದಕ್ಕೇ ಟೇಪು ಹಿಡಿದು ಮೂರೂ ಬದಿಯ ಫೋಟೊ, ತಕ್ಕಡಿಯ ಮೇಲಿಟ್ಟು ಇನ್ನೊಂದು ಫೋಟೊ ತೆಗೆದಿಡುತ್ತೇವೆ. ತಕರಾರು ಮಾಡಿದರೆ ಕೆಲವೊಮ್ಮೆ ಹಣ ವಾಪಸಾಗುತ್ತದೆ.

ಬರೀ ಚಿಪ್ಸು ಕೇಳಿದವರಿಗೆ ಈಗ ಮೊದಲೇ ಫೋನ್ ಮಾಡುತ್ತೇನೆ: "ಇದೇ ಬಾಡಿಗೆಗೆ ಇನ್ನೆರಡು ಕಿಲೋ ಭಾರದ್ದು ಹಿಡಿಯುತ್ತೆ, ಬೆಲ್ಲ ಹಾಕಲಾ?" ಇದು ವ್ಯಾಪಾರದ ಜಾಣತನ ಅಂದುಕೊಂಡು ಬೇಡವೆನ್ನುವವರಿದ್ದಾರೆ. ಲೆಕ್ಕ ಬಿಡಿಸಿ ಹೇಳಿದರೆ ಹೆಚ್ಚಿನವರು, "ಹಾಗಾದ್ರೆ ಒಂದು ಕಿಲೋ ಹಪ್ಪಳವೂ ಇರಲಿ" ಅನ್ನುತ್ತಾರೆ.