ಶುಕ್ರವಾರದ ಊಟ, ವರ್ಷವಿಡೀ ಹೃದಯ



ತಪಸ್ಸುಕಾಲದ ಶುಕ್ರವಾರ ನಾವು ಮಾಂಸ ಮುಟ್ಟುವುದಿಲ್ಲ. ಕೆಲವು ಮನೆಗಳಲ್ಲಿ ನಲವತ್ತು ದಿನವೂ ಮಾಂಸದ ಪಾತ್ರೆ ಅಟ್ಟ ಸೇರುತ್ತದೆ. ಆದರೆ ಅದೇ ಶುಕ್ರವಾರ ಶಿಲುಬೆಯ ಹಾದಿ ಮುಗಿಸಿ ಮನೆಗೆ ಬಂದ ಮೇಲೆ ಬೋಂಡ, ಪೂರಿಯ ಬಾಣಲೆ ಒಲೆಗೇರುವುದೂ ಉಂಟು. ವ್ರತ ಕೆಡಲಿಲ್ಲ, ನಿಜ. ಹೃದಯಕ್ಕೆ ಏನಾಯಿತು?

ಗ್ರೀಸ್ ದೇಶದ ಕ್ರೀಟ್ ದ್ವೀಪದ ಆರ್ಥಡಾಕ್ಸ್ ಕ್ರೈಸ್ತರು ಪಾಸ್ಖ ಹಬ್ಬಕ್ಕೆ ಮುಂಚೆ 48 ದಿನ, ಕ್ರಿಸ್ಮಸ್‌ಗೆ ಮುಂಚೆ 40 ದಿನ, ಆಗಸ್ಟ್‌ನಲ್ಲಿ 15 ದಿನ ಉಪವಾಸ ಆಚರಿಸುತ್ತಾರೆ. ಆಗ ಮಾಂಸ ಮಾತ್ರವಲ್ಲ, ಹಾಲು, ಬೆಣ್ಣೆ, ಮೊಟ್ಟೆಯನ್ನೂ ಬಿಟ್ಟು ಕಾಳು, ತರಕಾರಿ, ಹಣ್ಣು ತಿನ್ನುತ್ತಾರೆ. ಅಲ್ಲಿನ 120 ಜನರನ್ನು ಒಂದು ವರ್ಷ ಪರೀಕ್ಷಿಸಿದ ವರದಿ 2003ರಲ್ಲಿ ಪ್ರಕಟವಾಯಿತು. ಉಪವಾಸವಿದ್ದವರ ಒಟ್ಟು ಕೊಲೆಸ್ಟ್ರಾಲ್, ಇಲ್ಲದವರಿಗಿಂತ ನೂರಕ್ಕೆ ಸುಮಾರು 12ರಷ್ಟು ತಗ್ಗಿತ್ತು.

ಇದಕ್ಕೆ ಎದುರಾಗಿ ಫಿನ್ಲೆಂಡಿನ ಪೂರ್ವ ಭಾಗವಿದೆ. 1958ರಲ್ಲಿ ಆರಂಭವಾದ ಏಳು ದೇಶಗಳ ಅಧ್ಯಯನದಲ್ಲಿ ಕ್ರೀಟ್ ಮತ್ತು ಪೂರ್ವ ಫಿನ್ಲೆಂಡಿನವರು ತಿನ್ನುವ ಕೊಬ್ಬಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಕ್ರೀಟ್‌ನವರದು ಆಲಿವ್ ಎಣ್ಣೆ. ಫಿನ್ಲೆಂಡಿನವರದು ಬೆಣ್ಣೆ ಮತ್ತು ಗಟ್ಟಿ ಹಾಲು. ಹೃದಯಾಘಾತದಿಂದ ಸಾಯುವವರು ಕ್ರೀಟ್‌ನಲ್ಲಿ ತೀರಾ ಕಡಿಮೆ, ಪೂರ್ವ ಫಿನ್ಲೆಂಡಿನಲ್ಲಿ ಎಲ್ಲರಿಗಿಂತ ಹೆಚ್ಚು. ಅಲ್ಲಿನ ಉತ್ತರ ಕರೇಲಿಯಾ ಪ್ರಾಂತದಲ್ಲಿ 1972ರಲ್ಲಿ ಡಾ. ಪೆಕ್ಕಾ ಪುಸ್ಕಾ ಅವರ ಮುಂದಾಳತ್ವದಲ್ಲಿ ಒಂದು ಯೋಜನೆ ಆರಂಭವಾಯಿತು. ಬೆಥಾನಿಯದ ಮಾರ್ತಳ ಹೆಸರಿನ ಗೃಹಿಣಿಯರ ಸಂಘವೊಂದು ಅಲ್ಲಿ ಇದೆ. ಆ ಹೆಂಗಸರೇ ಹಳ್ಳಿಗಳಲ್ಲಿ ಸೇರಿ, ಹಳೆಯ ಅಡುಗೆಯನ್ನೇ ಕೊಬ್ಬು ತಗ್ಗಿಸಿ ತರಕಾರಿ ಸೇರಿಸಿ ಮಾಡುವುದನ್ನು ತೋರಿಸಿದರು. ಬೀಡಿ-ಸಿಗರೇಟು, ರಕ್ತದೊತ್ತಡವೂ ಇಳಿದವು. ಮುಂದಿನ ಮೂರುನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ನೂರಕ್ಕೆ 80ರಷ್ಟು ತಗ್ಗಿತು. ನಮ್ಮ ಮಹಿಳಾ ಸಂಘದವರು ಇದನ್ನು ಗಮನಿಸಬೇಕು.

ಕಾರಣ ಇಷ್ಟು. ಬೆಣ್ಣೆ, ತುಪ್ಪ, ಮಾಂಸದ ಕೊಬ್ಬಿನಂತೆ ತಣ್ಣಗಾದರೆ ಹೆಪ್ಪುಗಟ್ಟುವ ಕೊಬ್ಬು ಹೆಚ್ಚಾದರೆ, ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲನ್ನು ಪಿತ್ತಜನಕಾಂಗ ಸರಿಯಾಗಿ ಸೆಳೆದುಕೊಳ್ಳುವುದಿಲ್ಲ. ಅದು ರಕ್ತದಲ್ಲೇ ಉಳಿದು ರಕ್ತನಾಳದ ಗೋಡೆಗೆ ಸೇರುತ್ತದೆ. ಕಾಳುಗಳ ನಾರು ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತ ಮಾಡಲು ಪಿತ್ತಜನಕಾಂಗ ರಕ್ತದ ಕೊಲೆಸ್ಟ್ರಾಲನ್ನೇ ಬಳಸುತ್ತದೆ.

ಹಾಗಾದರೆ ನಮ್ಮ ಹೊಸೂರು, ಡೆಂಕಣಿಕೋಟೆ ಕಡೆಯ ಮುದ್ದೆ, ಹುರುಳಿ ಸಾರು, ಅವರೆಕಾಳು, ಸೊಪ್ಪು ಬಡವರ ಊಟವೆಂದು ನಾಚಬೇಕಾದ್ದಲ್ಲ. ತೊಂದರೆ ಬಾಣಲೆಯಲ್ಲಿದೆ. ರೇಷನ್ ಅಂಗಡಿಯ ಪಾಮೋಲಿನ್‌ನಲ್ಲಿ ಈ ಹೆಪ್ಪುಗಟ್ಟುವ ಜಾತಿಯ ಕೊಬ್ಬು ನೂರಕ್ಕೆ ಸುಮಾರು 40 ಭಾಗ. ಕಡಲೆಕಾಯಿ ಎಣ್ಣೆಯಲ್ಲಿ ಅದರ ಅರ್ಧದಷ್ಟು. ಲೀಟರಿಗೆ 25 ರೂಪಾಯಿಗೆ ಸಿಗುವ ಎಣ್ಣೆಯನ್ನು ಬಿಡಿ ಎಂದು ಕೂಲಿ ಮಾಡುವ ಮನೆಗೆ ಹೇಳಲು ನಮಗೆ ಬಾಯಿ ಬರುವುದಿಲ್ಲ. ಅದನ್ನು ಒಗ್ಗರಣೆಗೆ ಇಟ್ಟುಕೊಂಡು, ಕರಿಯುವುದನ್ನು ಕಡಿಮೆ ಮಾಡೋಣ. ವನಸ್ಪತಿಯನ್ನಂತೂ ದೂರ ಇಡೋಣ. ಪೂಜೆ ತಮಿಳಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಬಾಣಲೆ ಎಲ್ಲರ ಮನೆಯಲ್ಲೂ ಒಂದೇ! ಪಾಸ್ಖದ ದಿನದ ಒಂದು ಊಟಕ್ಕಿಂತ ವರ್ಷವಿಡೀ ದಿನನಿತ್ಯ ಏನು ತಿನ್ನುತ್ತೇವೆ ಎಂಬುದೇ ಮುಖ್ಯ.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. ಒಂದು ಹೊತ್ತಿನ ಉಪವಾಸದ ನಿಯಮ 18ರಿಂದ 59 ವಯಸ್ಸಿನವರಿಗೆ ಮಾತ್ರ. ಕಾಯಿಲೆಯವರಿಗೆ ಅದರಿಂದ ವಿನಾಯಿತಿ ಇದೆ. ಹೃದಯ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವ್ರತದ ಹೆಸರಲ್ಲಿ ನಿಲ್ಲಿಸಬೇಡಿ. ಉಪವಾಸ ಮಾಡಲೇಬೇಕೆಂದಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಗುರುಗಳಿಗೆ ತಿಳಿಸಿ.