ದೇವಾಲಯದಲ್ಲಿ ಮಲಗಿದ್ದ ಹುಡುಗನು

(ಓದತಕ್ಕ ಭಾಗ: 1 ಸಮುವೇಲ 2ನೆಯ ಅಧ್ಯಾಯ 12ರಿಂದ 26, 3ನೆಯ ಅಧ್ಯಾಯ 1ರಿಂದ 18)

ಮಕ್ಕಳನ್ನು ಕ್ರೈಸ್ತ ಶಾಲೆಗೆ ಕಳುಹಿಸಿದ ತಂದೆತಾಯಿಗಳ ಬಾಯಿಂದ ನಾವು ಹಲವು ಸಾರಿ ಕೇಳುವ ಮಾತು ಒಂದುಂಟು. ಏನಂದರೆ, “ಅಲ್ಲಿ ದಿನಾಲು ಪ್ರಾರ್ಥನೆಯುಂಟು, ಸತ್ಯವೇದದ ಪಾಠವುಂಟು, ಆದಕಾರಣ ಮಗನ ಭಕ್ತಿಯ ವಿಷಯದಲ್ಲಿ ನಮಗೆ ಚಿಂತೆಯಿಲ್ಲ.” ಹಗಲೆಲ್ಲಾ ಹೊಲದಲ್ಲಿ ದುಡಿದು ಬಳಲಿದವರು ಹೀಗೆ ಹೇಳಿದರೆ ನಾವು ಅವರನ್ನು ಗದರಿಸುವದಿಲ್ಲ. ಆದರೆ ಈ ಮಾತನ್ನು ಶೀಲೋವಿನ ದೇವಾಲಯದ ಬಾಗಲಿಗೆ ತಂದು ಪರೀಕ್ಷಿಸತಕ್ಕದ್ದು.

ಸಮುವೇಲನಿಗಿಂತ ಹೆಚ್ಚು ಅನುಕೂಲವುಳ್ಳ ವಿದ್ಯಾರ್ಥಿಯು ಯಾವನಿದ್ದಾನು? ಅವನು ಮೊಲೆ ಬಿಟ್ಟಂದಿನಿಂದ ದೇವಾಲಯದಲ್ಲಿಯೇ ಬೆಳೆದನು. ಯಾಜಕನಾದ ಏಲಿಯೇ ಅವನ ಉಪಾಧ್ಯಾಯನು. ಯಜ್ಞದ ಹೊಗೆಯ ವಾಸನೆಯು ಅವನ ಬಟ್ಟೆಗೆ ಹತ್ತಿಕೊಂಡಿರಬೇಕು. ರಾತ್ರಿ ಅವನು ಮಲಗುತ್ತಿದ್ದದ್ದು ದೇವರ ಮಂಜೂಷವಿದ್ದ ಸ್ಥಳದಲ್ಲಿ. ನಮ್ಮ ಯಾವ ಬೋರ್ಡಿಂಗಿನಲ್ಲಿಯೂ ಇಷ್ಟು ಆರಾಧನೆ ಇರುವದಿಲ್ಲ. ಹೀಗಿದ್ದರೂ ಮೂರನೆಯ ಅಧ್ಯಾಯದ ಏಳನೆಯ ವಚನವನ್ನು ನಿಧಾನವಾಗಿ ಓದಿ ನೋಡಿರಿ. ಆ ಹುಡುಗನು ಇನ್ನೂ ಯೆಹೋವನನ್ನು ಅರಿತಿರಲಿಲ್ಲವೆಂಬದಾಗಿ ಅಲ್ಲಿ ಬರೆಯಲ್ಪಟ್ಟಿದೆ. ದೀಪದ ಬಳಿಯಲ್ಲಿ ಮಲಗಿದ್ದನು, ಬಾಗಲುಗಳನ್ನು ತೆರೆಯುತ್ತಿದ್ದನು, ಸೇವೆ ಮಾಡುತ್ತಿದ್ದನು, ಅರಿತಿರಲಿಲ್ಲ.

ಇದಕ್ಕೆ ಮೊದಲೇ ಎರಡನೆಯ ಅಧ್ಯಾಯದ ಹನ್ನೆರಡನೆಯ ವಚನದಲ್ಲಿ ಏಲಿಯ ಮಕ್ಕಳಾದ ಹೊಫ್ನಿ ಫೀನೆಹಾಸರ ವಿಷಯವಾಗಿಯೂ ಇಂಥದ್ದೇ ಮಾತು ಬಂದದೆ; ಅವರೂ ಯೆಹೋವನನ್ನು ಅರಿತವರಲ್ಲ. ಒಂದೇ ಆಲಯ, ಒಂದೇ ಆರಾಧನೆ, ಅರಿಯದವರು ಮೂವರು. ಭೇದವೆಲ್ಲಾ “ಇನ್ನೂ” ಎಂಬ ಆ ಒಂದು ಸಣ್ಣ ಮಾತಿನಲ್ಲಿದೆ. ಹುಡುಗನಿಗೆ ಅದು ಇನ್ನು ಬರಬೇಕಾದದ್ದು; ಆ ದೊಡ್ಡವರಿಗಾದರೋ ದೇವಕಾರ್ಯವು ಮಾಂಸದ ಪಾಲು ದೊರಕಿಸುವ ಉದ್ಯೋಗವಾಗಿ ಹೋಗಿತ್ತು. ದಿನಾಲು ಪವಿತ್ರವಾದವುಗಳನ್ನು ಮುಟ್ಟುವ ಕೈಯು ಮರಗಟ್ಟುವದೂ ಉಂಟೆಂದು ಶಾಲೆಗಳನ್ನು ನಡಿಸುವವರು ತಿಳಿದಿರಬೇಕು.

ಈ ಸಂಗತಿಯಲ್ಲಿ ನಮ್ಮ ತಪ್ಪನ್ನೇ ಮೊದಲು ಅರಿಕೆಮಾಡುತ್ತೇವೆ. ಕೆಲವು ವರುಷ ನಾವು ಒಂದು ಶಾಲೆಯ ಬೋರ್ಡಿಂಗಿನಲ್ಲಿ ಬೆಳಗಿನ ಆರಾಧನೆಯನ್ನು ನಡಿಸುತ್ತಿದ್ದೆವು. ಗಂಟೆ ಬಾರಿಸುವದು, ಸಾಲಾಗಿ ಕೂಡ್ರಿಸುವದು, ಹಾಜರಿ ಹಿಡಿಯುವದು, ಕೀರ್ತನೆ, ವಚನ, ಪ್ರಾರ್ಥನೆ, ಎಲ್ಲಾ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಏಳನೆಯ ತರಗತಿಯ ಒಬ್ಬ ಹುಡುಗನ ತಂಗಿಯು ಊರಲ್ಲಿ ಜ್ವರದಿಂದ ಬಿದ್ದಾಗ ನಾವೆಲ್ಲರೂ ಅವಳಿಗಾಗಿ ಪ್ರಾರ್ಥಿಸಿದೆವು, ಅವಳು ತೀರಿಕೊಂಡಳು. ಊರಿಂದ ತಿರಿಗಿ ಬಂದ ಮಾರನೆಯ ದಿನ ಆ ಹುಡುಗನು ಆರಾಧನೆಯ ಮಧ್ಯದಲ್ಲಿ ಎದ್ದು ನಿಂತು, “ಅಯ್ಯಾ, ಕರ್ತನು ಆಗ ನಮ್ಮ ಮಾತನ್ನು ಕೇಳಿದನೋ?” ಅಂದನು. ಪಾಠದ ಗಂಟೆಗೆ ಎರಡು ನಿಮಿಷ ಉಳಿದಿತ್ತು. “ಕೂತುಕೋ, ಇದನ್ನು ಆಮೇಲೆ ನೋಡೋಣ” ಅಂದೆವು. ಆಮೇಲೆ ನಾವು ನೋಡಲಿಲ್ಲ, ಅವನೂ ಕೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಆ ವರುಷವೆಲ್ಲಾ ಒಂದು ದಿನವೂ ತಪ್ಪಿಲ್ಲ.

ಏಲಿಯು ಅನೇಕ ವಿಷಯಗಳಲ್ಲಿ ಬಲಹೀನನಾಗಿದ್ದರೂ ಆ ರಾತ್ರಿ ನಮಗಿಂತ ಒಳ್ಳೇ ಉಪಾಧ್ಯಾಯನಾಗಿದ್ದನು. ಹುಡುಗನು ನಿದ್ದೆಗೆಡಿಸಿ ಓಡಿಬಂದದ್ದು ಒಂದು ಸಾರಿಯಲ್ಲ, ಮೂರು ಸಾರಿ. ಮುದುಕನು ಸಿಟ್ಟುಗೊಳ್ಳಲಿಲ್ಲ. ಮೂರನೆಯ ಸಾರಿ ಕರೆಯುವವನು ಯಾರೆಂದು ಗ್ರಹಿಸಿದ ಮೇಲೆ ಅವನು ಮಾಡಿದ್ದೇನು? ತಾನೇ ಎದ್ದು ಹೋಗಿ ದೇವರೊಂದಿಗೆ ಮಾತಾಡಲಿಲ್ಲ. ಹುಡುಗನಿಗೋಸ್ಕರ ತಾನು ಉತ್ತರ ಕೊಡಲಿಲ್ಲ. ಹೇಗೆ ಕಿವಿಗೊಡಬೇಕೆಂದು ಒಂದು ವಾಕ್ಯದಲ್ಲಿ ಕಲಿಸಿ, ಅವನನ್ನು ಅವನ ಸ್ಥಳಕ್ಕೆ ಒಬ್ಬನನ್ನಾಗಿಯೇ ತಿರಿಗಿ ಕಳುಹಿಸಿದನು. ಕ್ರೈಸ್ತ ಶಾಲೆಯ ಕೆಲಸವು ಇಷ್ಟೇ, ಇಷ್ಟು ಕಷ್ಟವೂ ಆಗಿದೆ.

ನಮ್ಮ ಸೀಮೆಯ ಚರಿತ್ರೆಯಿಂದಲೂ ಇದಕ್ಕೆ ಸಾಕ್ಷಿಯುಂಟು. 1834ರಲ್ಲಿ ಬಾಸೆಲ್ ಮಿಶನಿನ ಮೊದಲನೆಯ ಸೇವಕರು ಮಂಗಳೂರಿಗೆ ಬಂದರು. ಹೆರ್ಮನ್ ಮೋಗ್ಲಿಂಗನು 1836ರಲ್ಲಿ ಬಂದನು. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲನೆಯ ಪತ್ರಿಕೆಯನ್ನು ಹೊರಡಿಸಿದವನೆಂದು ಇವನನ್ನು ಎಲ್ಲರೂ ಬಲ್ಲರು. ಇವನು ಹುಡುಗರನ್ನು ಕೂಡಿಸಿ ಶಾಲೆ ನಡಿಸಿದಾಗ ದೂರದ ಬಂಗಲೆಯಿಂದ ಬಂದು ಬೋಧಿಸಿ ಹೋಗುವವನಾಗಿರದೆ, ಅವರ ಸಂಗಡವೇ ವಾಸಮಾಡಿದನು. ಪ್ರಾರ್ಥನೆಯಲ್ಲಿ ಕಂಡ ಗುರುವನ್ನು ಹುಡುಗರು ಊಟದಲ್ಲಿಯೂ ಬೇಸರದಲ್ಲಿಯೂ ಕಂಡರು. ಅದೇ ಊರಿನಲ್ಲಿ ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯನು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಬಾಸೆಲಿನಲ್ಲಿ ಕಲಿತು, 1851ರಲ್ಲಿ ಬೋಧಕನಾಗಿ ತಿರಿಗಿ ಬಂದನು. ಆದರೆ ಅದೇ ಬೆಂಚುಗಳಲ್ಲಿ ಅದೇ ಪಾಠವನ್ನು ಕೇಳಿದ ಅನೇಕರು ತಮ್ಮ ಪಿತೃಗಳ ಮತದಲ್ಲಿಯೇ ಉಳಿದರು. ಶಾಲೆಯು ವಿಶ್ವಾಸವನ್ನು ಅಚ್ಚು ಹೊಯ್ಯುವ ಹಂಚಿನ ಕಾರಖಾನೆಯಲ್ಲ.

ಈ ದೇಶದ ರಾಜ್ಯಾಂಗವೂ 1950ರ ಜನವರಿ 26ರಿಂದ ಇದನ್ನು ತನ್ನ ರೀತಿಯಲ್ಲಿ ಹೇಳುತ್ತದೆ. ಸರಕಾರದ ಮಾನ್ಯತೆಯನ್ನಾಗಲಿ ಹಣದ ನೆರವನ್ನಾಗಲಿ ಹೊಂದಿದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವನ ಸಮ್ಮತಿಯಿಲ್ಲದೆ, ಅವನು ಚಿಕ್ಕವನಾದರೆ ಪೋಷಕರ ಸಮ್ಮತಿಯಿಲ್ಲದೆ, ಮತಬೋಧನೆಗೂ ಆರಾಧನೆಗೂ ಒಳಪಡಿಸಕೂಡದೆಂದು 28ನೆಯ ವಿಧಿಯಲ್ಲಿದೆ. ಇದನ್ನು ಕೆಲವರು ನಮ್ಮ ಕೈ ಕಟ್ಟಿದ ಹಾಗೆ ಎಣಿಸುವರು. ನಮಗೆ ಹಾಗೆ ತೋರುವದಿಲ್ಲ. ಬಲವಂತದಿಂದ ಕೂಡ್ರಿಸಿದವರ ಮಧ್ಯದಲ್ಲಿ ಮನಸ್ಸಿನಿಂದ ಬಂದವನು ಯಾರೆಂದು ಉಪಾಧ್ಯಾಯನಿಗೆ ಹೇಗೆ ಗೊತ್ತಾದೀತು?

ಹಾಗಾದರೆ ಆರಾಧನೆಯನ್ನು ಹೇಗೆ ನಡಿಸತಕ್ಕದ್ದು? ಮಕ್ಕಳು ತಮ್ಮ ಬೇಡಿಕೆಗಳನ್ನು ತಾವೇ ತರಲಿ. ಎತ್ತು ಕುಂಟಿದರೆ ಎತ್ತಿಗಾಗಿ, ಸಾಲ ತೀರದಿದ್ದರೆ ಸಾಲದ ವಿಷಯವಾಗಿ, ತಮ್ಮ ಸ್ವಂತ ಮಾತಿನಲ್ಲಿ ಪ್ರಾರ್ಥಿಸಲಿ; ವ್ಯಾಕರಣವನ್ನು ಅಲ್ಲಿ ತಿದ್ದಬಾರದು. ಕೀರ್ತನೆಗಳಲ್ಲಿ ಸ್ತೋತ್ರದವುಗಳನ್ನು ಮಾತ್ರ ಆರಿಸದೆ, ದುಃಖದಿಂದ ದೇವರನ್ನು ಪ್ರಶ್ನೆಮಾಡುವ 13ನೆಯದನ್ನೂ 88ನೆಯದನ್ನೂ ಓದಿಸಿರಿ. ಆ ಹುಡುಗನಿಗೆ ನಾವು ಅಂದು 88ನೆಯ ಕೀರ್ತನೆಯನ್ನಾದರೂ ಕೈಗೆ ಕೊಡಬಹುದಾಗಿತ್ತು. ಹಾಡಿನ ವಿಷಯವಾಗಿ ಒಂದು ಮಾತು ಸಾಕು: 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದ ಕಿಟ್ಟೆಲನಿಗೆ ನಮ್ಮ ಕಿವಿಯು ಯಾವದೆಂದು ತಿಳಿದಿತ್ತು. ಪರದೇಶದ ರಾಗಗಳ ಜೊತೆಗೆ ಜನಪದದ ಧಾಟಿಗೂ ಶಾಲೆಯಲ್ಲಿ ಸ್ಥಳವಿರಲಿ. ಕಡೆಗೆ ಎರಡು ನಿಮಿಷ ಯಾರೂ ಮಾತಾಡದೆ ಸುಮ್ಮನಿರಲಿ. ಏಲಿಯು ಕಲಿಸಿದ್ದು ಮಾತಾಡುವದನ್ನಲ್ಲ, ಕೇಳುವದನ್ನು.

ಇನ್ನು ತಂದೆತಾಯಿಗಳಿಗೆ. ಹನ್ನಳು ಮಗನನ್ನು ದೇವಾಲಯಕ್ಕೆ ಒಪ್ಪಿಸಿ ಮರೆತುಬಿಡಲಿಲ್ಲ. ವರುಷ ವರುಷವೂ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ತರುತ್ತಿದ್ದಳು. ಕಣ್ಣ ಮುಂದೆ ಇಲ್ಲದ ಮಗನು ಈ ವರುಷ ಎಷ್ಟು ಬೆಳೆದಾನೆಂದು ಅವಳು ಎಷ್ಟು ಸಾರಿ ಲೆಕ್ಕ ಹಾಕಿರಬೇಕು! ನೀವೂ ಬೋರ್ಡಿಂಗಿಗೆ ಹೋದಾಗ ಅಂಗಿಯನ್ನೂ ಅವಲಕ್ಕಿಯನ್ನೂ ಕೊಟ್ಟು ಬಸ್ಸಿಗೆ ಓಡಬೇಡಿರಿ. ರಜೆಯಲ್ಲಿ ಮಗಳು ಮನೆಗೆ ಬಂದಾಗ, ಅವಳು ಕಲಿತ ವಚನವನ್ನು ಒಪ್ಪಿಸಲು ಹೇಳುವದಕ್ಕಿಂತ, “ನಿನಗೆ ತಿಳಿಯದ್ದು ಏನು?” ಎಂದು ಕೇಳಿರಿ. ಉತ್ತರವು ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳುವದರಲ್ಲಿ ನಾಚಿಕೆಯಿಲ್ಲ.

ಮಕ್ಕಳು ನಿಜವಾಗಿ ಕೇಳಿಸಿಕೊಂಡರೆ ನಮಗೆ ಹಿತವಾದದ್ದನ್ನೇ ಹೇಳುವರೆಂಬ ನಿಶ್ಚಯವೂ ಇಲ್ಲ. ಸಮುವೇಲನು ಕೇಳಿದ ಮೊದಲನೆಯ ದೇವವಾಕ್ಯವು ತನ್ನ ಗುರುವಿನ ಮನೆಗೆ ವಿರೋಧವಾದ ತೀರ್ಪಾಗಿತ್ತು. ಅವನು ಬೆಳಗಿನ ವರೆಗೆ ಮಲಗಿದ್ದು, ಎದ್ದು, ಎಂದಿನಂತೆ ಬಾಗಲುಗಳನ್ನು ತೆರೆದನು; ಹೇಳುವದಕ್ಕೆ ಹೆದರಿದನು. ಏಲಿಯು ಅವನನ್ನು ಮಗನೇ ಎಂದು ಕರೆದು, ಒಂದನ್ನೂ ಮರೆಮಾಡಬೇಡವೆಂದು ಆಜ್ಞಾಪಿಸಿ, ಎಲ್ಲವನ್ನು ಕೇಳಿ, ಅದನ್ನು ಕರ್ತನ ಮಾತೆಂದು ಒಪ್ಪಿಕೊಂಡನು.

ನಾವು ಹೇಳಿದ ಆ ಹುಡುಗನು ಈಗ ದೊಡ್ಡವನಾಗಿ ಪಟ್ಟಣದಲ್ಲಿ ಕೆಲಸದಲ್ಲಿದ್ದಾನೆ. ಸಭೆಗೆ ಬರುವದಿಲ್ಲವೆಂದು ಕೇಳಿದ್ದೇವೆ. ಈ ಪಾಠವನ್ನು ಬರೆಯುವದಕ್ಕೆ ಕೂತ ವಾರದಲ್ಲಿ ಅವನಿಗೆ ಒಂದು ಕಾಗದವನ್ನು ಬರೆದು, ಅಂದು ಅವನು ಕೇಳಿದ ಪ್ರಶ್ನೆಯನ್ನು ಅವನ ಮಾತುಗಳಲ್ಲಿಯೇ ಅದರಲ್ಲಿ ಬರೆದು, ಅದು ನಮಗೆ ನೆನಪಿದೆ, ಬಂದು ಮಾತಾಡುವಿಯಾ ಎಂದು ಕೇಳಿದ್ದೇವೆ. ಉತ್ತರವು ಇನ್ನೂ ಬಂದಿಲ್ಲ.