ರಿಕ್ಷಾದ ಎಣ್ಣೆ, ನಮ್ಮ ಲೆಕ್ಕ

ಬಾವಿಯ ರಾಟೆ ಒಣಗಿದರೆ ಕಿರ್ರ್ ಎನ್ನುತ್ತದೆ. ಎರಡು ಹನಿ ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆ. ರಿಕ್ಷಾದ ಎಂಜಿನ್ ಕೂಡ ಹಾಗೆಯೇ. ಅದರೊಳಗೆ ಲೋಹಕ್ಕೆ ಲೋಹ ಉಜ್ಜುತ್ತದೆ. ನಡುವೆ ಎಣ್ಣೆ ಇರಬೇಕು. ಎಣ್ಣೆ ಸವೆತ ತಡೆಯುತ್ತದೆ. ಬಿಸಿ ಇಳಿಸುತ್ತದೆ. ಒಳಗಿನ ಕೊಳೆಯನ್ನೂ ಹಿಡಿದುಕೊಳ್ಳುತ್ತದೆ.

ತೋಡಾರಿನಿಂದ ಮೂಡುಬಿದಿರೆಗೆ ರಿಕ್ಷಾ ದಿನವೂ ಓಡುತ್ತದೆ. ಎಣ್ಣೆ ಮುಗಿದರೆ ಎಂಜಿನ್ ಜಾಮ್ ಆಗುತ್ತದೆ. ಆಗ ದುಡಿಮೆ ನಿಲ್ಲುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ. ರಿಕ್ಷಾವನ್ನು ಮನೆಯವರು ಓಡಿಸಲಿ, ನಾವೇ ಓಡಿಸಲಿ, ಎಣ್ಣೆಯ ಲೆಕ್ಕ ನಮಗೂ ಗೊತ್ತಿರಬೇಕು.

"ಅಕ್ಕಾ, ಎಣ್ಣೆ ಉಂಟಾ ಇಲ್ವಾ ಅಂತ ನೋಡುವುದು ಹೇಗೆ?"

"ಕಷ್ಟ ಎಂತದೂ ಇಲ್ಲ ತಂಗಿ. ರಿಕ್ಷಾವನ್ನು ಸಮ ಜಾಗದಲ್ಲಿ ನಿಲ್ಲಿಸು. ಎಂಜಿನ್ ಬಂದ್ ಮಾಡು. ಸ್ವಲ್ಪ ಹೊತ್ತು ಕಾಯು. ಅಳತೆ ಕಡ್ಡಿ ತೆಗೆದು ಬಟ್ಟೆಯಲ್ಲಿ ಒರೆಸು. ಮತ್ತೆ ಇಳಿಸಿ ತೆಗೆ. ಕಡ್ಡಿಯಲ್ಲಿ ಎರಡು ಗೆರೆ ಉಂಟು. ಎಣ್ಣೆ ಅವುಗಳ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಹಾಕಬೇಕು. ಮೇಲಿನ ಗೆರೆ ದಾಟಿದರೂ ಕೆಡುಕು."

"ಎಣ್ಣೆ ಹಾಲು ಹಾಕಿದ ಚಹಾದ ಹಾಗೆ ಕಂಡರೆ?"

"ಒಳಗೆ ನೀರು ಸೇರಿರಬಹುದು. ಓಡಿಸಬೇಡ. ಮೆಕ್ಯಾನಿಕ್‌ನನ್ನು ಕರೆಸು."

ಕೆಲವು ಗಾಡಿಗಳಲ್ಲಿ ಎಣ್ಣೆಯ ಕೆಂಪು ದೀಪ ಇರುತ್ತದೆ. ಅದರ ಚಿತ್ರ ಗಿಂಡಿಯ ಹಾಗೆ ಕಾಣುತ್ತದೆ. ಓಡುವಾಗ ಆ ದೀಪ ಉರಿದರೆ ಕೂಡಲೇ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ.

ಎಣ್ಣೆ ಸೇರಿಸುವುದು ಬೇರೆ, ಬದಲಿಸುವುದು ಬೇರೆ. ಹಳೆ ಎಣ್ಣೆಯಲ್ಲಿ ಕೊಳೆ ತುಂಬಿರುತ್ತದೆ. ಬದಲಿಸುವಾಗ ಕೆಳಗಿನ ಬೋಲ್ಟ್ ಬಿಚ್ಚಿ ಅದನ್ನು ಪೂರ್ತಿ ಇಳಿಸಬೇಕು. ಎಣ್ಣೆ ಬಿಸಿ ಇರುತ್ತದೆ, ಕೈ ಜಾಗ್ರತೆ. ಫಿಲ್ಟರನ್ನೂ ನೋಡಬೇಕು. ಬೋಲ್ಟ್ ಬಿಗಿ ಮಾಡಿದ ಮೇಲೆಯೇ ಹೊಸ ಎಣ್ಣೆ ಹಾಕಬೇಕು.

ಯಾವ ಎಣ್ಣೆ, ಎಷ್ಟು, ಎಷ್ಟು ಕಿಲೋಮೀಟರಿಗೆ ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಡಬ್ಬಿಯ ಮೇಲೆ '20ಡಬ್ಲ್ಯೂ-50' ಎಂಬಂತಹ ಗುರುತು ಇರುತ್ತದೆ. ಪುಸ್ತಕದ ಗುರುತು, ಡಬ್ಬಿಯ ಗುರುತು ಒಂದೇ ಇದೆಯೇ? ಓದಿ ನೋಡಿ. ಆಮೇಲೆ ದುಡ್ಡು ಕೊಡಿ.

ಒಂದು ನೋಟ್ ಪುಸ್ತಕ ಇಡಿ. ಬದಲಿಸಿದ ದಿನ, ಮೀಟರಿನ ಅಂಕೆ, ಖರ್ಚು ಬರೆಯಿರಿ. "ಮೊನ್ನೆ ತಾನೇ ಹಾಕಿದ್ದು" ಎಂಬ ಬಾಯಿ ಮಾತು ಮರೆತುಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ಹಳೆ ಎಣ್ಣೆಯನ್ನು ತೋಟಕ್ಕೆ, ತೋಡಿಗೆ, ಬಾವಿಯ ಬದಿಗೆ ಚೆಲ್ಲಬೇಡಿ. ಒಲೆಗೂ ಹಾಕಬೇಡಿ. ಅದು ವಿಷ. ಸರಕಾರದ 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿಸಿ, ಹಳೆ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಲೆಕ್ಕ ಮಾಡಿ
ಎಣ್ಣೆ ಬದಲಿಸಿದಾಗ ಮೀಟರಿನಲ್ಲಿ 12,400 ಇತ್ತು. 5,000 ಕಿಲೋಮೀಟರಿಗೆ ಬದಲಿಸಿ ಎಂದು ಪುಸ್ತಕದಲ್ಲಿದೆ. ಮುಂದಿನ ಸಲ ಯಾವಾಗ?
12,400 + 5,000 = ______

ಉತ್ತರ ಹೇಳಿ
1. ಎಂಜಿನಿಗೆ ಎಣ್ಣೆ ಏಕೆ ಬೇಕು?
2. ಗಿಂಡಿಯಂತಹ ಕೆಂಪು ದೀಪ ಉರಿದರೆ ಏನು ಮಾಡಬೇಕು?
3. ನಿಮ್ಮ ಊರಿನಲ್ಲಿ ಹಳೆ ಎಣ್ಣೆಯನ್ನು ಏನು ಮಾಡುತ್ತಾರೆ? ಕೇಳಿ ತಿಳಿಯಿರಿ.